ಲೂಥರ್ ಸೇರಿಸಿದ ಆ ಒಂದು ಪದ

ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಬೈಬಲ್ಲಿಗೆ ತನ್ನ ಪದ ಸೇರಿಸಿದ, ಅಲ್ಲಿಗೆ ನಂಬಿಕೆಯಿಂದ ಮಾತ್ರವೇ ಮನುಷ್ಯ ದೇವರ ಮುಂದೆ ನೀತಿವಂತನಾಗುತ್ತಾನೆ ಅನ್ನೋ ಪ್ರೊಟೆಸ್ಟೆಂಟರ ವಾದ ಬಿದ್ದುಹೋಯಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಕಥೋಲಿಕ ಮನೆಯವನು, ಆದರೂ ಇದನ್ನು ಒಪ್ಪುವುದಿಲ್ಲ. 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ, ಅಪೊಸ್ತಲ ಪೌಲ ರೋಮನ್ನರಿಗೆ ಬರೆದ ಪತ್ರದ 3:28ರಲ್ಲಿ 'ನಂಬಿಕೆಯಿಂದ' ಅನ್ನೋ ಮಾತಿಗೆ ಲೂಥರ್ 'ಮಾತ್ರ' ಅಂತ ಸೇರಿಸಿದ್ದು ನಿಜ, ಗ್ರೀಕ್ ಮೂಲದಲ್ಲಿ ಅದಿಲ್ಲ. ಆದರೆ ಅವನು ಬಚ್ಚಿಡಲಿಲ್ಲ. ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಜನ ಹೇಗೆ ಮಾತಾಡುತ್ತಾರೋ ಹಾಗೆ ಅನುವಾದ ಇರಬೇಕು ಅಂತ 1530ರಲ್ಲಿ ಬಹಿರಂಗ ಪತ್ರವನ್ನೇ ಬರೆದ.

ಹಾಗಂತ ಅದೇ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರವನ್ನು ಪಕ್ಕಕ್ಕೆ ತಳ್ಳೋಕೂ ಆಗಲ್ಲ. ಅಲ್ಲಿ 2:24ರಲ್ಲಿ 'ನಂಬಿಕೆಯಿಂದ ಮಾತ್ರವೇ ಅಲ್ಲ' ಅಂತ ನೇರವಾಗಿಯೇ ಇದೆ. ಪೌಲ, ಯಾಕೋಬ ಇಬ್ಬರೂ ಹಿಡಿಯುವುದು ಅಬ್ರಹಾಮ ದೇವರನ್ನು ನಂಬಿದ, ಅದೇ ಅವನಿಗೆ ನೀತಿಯೆಂದು ಎಣಿಕೆಯಾಯಿತು ಅನ್ನೋ ಆದಿಕಾಂಡ 15:6ನ್ನೇ, ತೋರಿಸುವುದು ಅದೇ ಅಬ್ರಹಾಮನನ್ನು. ಪೌಲನ ಮುಂದಿದ್ದದ್ದು ಯೆಹೂದ್ಯರಲ್ಲದವರಿಗೆ ಸುನ್ನತಿ ಬೇಕಾ ಅನ್ನೋ ಪ್ರಶ್ನೆ. ಯಾಕೋಬನ ಕಣ್ಣಮುಂದೆ ಇರುವವನು ಮೈಮೇಲೆ ಬಟ್ಟೆಯಿಲ್ಲದ, ಅವತ್ತಿನ ಊಟಕ್ಕೂ ಗತಿಯಿಲ್ಲದ ಮನುಷ್ಯ. ಅವನಿಗೆ ಬೆಚ್ಚಗಿರಪ್ಪ, ಹೊಟ್ಟೆ ತುಂಬ ಉಣ್ಣು ಅಂತ ಸುಮ್ನೆ ಬಾಯಲ್ಲಿ ಹೇಳಿ ಬರಿಗೈಯಲ್ಲಿ ಕಳಿಸಿದರೆ ಏನು ಬಂತು ಅಂತ ಕೇಳುತ್ತಾನೆ. ಎರಡೂ ಬೇರೆ ಬೇರೆ ಪ್ರಶ್ನೆ ಅಲ್ವಾ?

ನಮ್ಮ ಅಕ್ಕನನ್ನು ಕೊಟ್ಟಿರುವುದು ಪ್ರೊಟೆಸ್ಟೆಂಟ್ ಮನೆಗೆ. ಪ್ರತಿ ಕ್ರಿಸ್ಮಸ್‌ಗೂ ಭಾವನ ಜೊತೆ ಇದೇ ಜಗಳ, ನಾನು ಯಾಕೋಬ ಅಂದರೆ ಅವರು ಪೌಲ. ಒಂದು ಸಲ ಕೂತು ಎರಡೂ ಅಧ್ಯಾಯ ಪೂರ್ತಿ ಓದಿದ ಮೇಲೆ ಇಬ್ಬರ ದನಿಯೂ ತಗ್ಗಿತು.

ಇದೇ ವಿಷಯಕ್ಕೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ, ಮೂಲ ಮಾತಿನಲ್ಲಿ ತಮಗೆ ಒಮ್ಮತವಿದೆ ಅನ್ನೋ ಜಂಟಿ ಘೋಷಣೆಗೆ ಸಹಿ ಹಾಕಿವೆ. ಲೇಖನದಲ್ಲಿ ಅದರ ಮಾತೇ ಇಲ್ಲ, ದಯವಿಟ್ಟು ಸೇರಿಸಿ.