ಯಾರೂ ‘ಊಟ ಆಯ್ತಾ’ ಅನ್ನದ ಸಿನಿಮಾ

ಹೊಸದಾಗಿ ಬಂದ ಸಿನಿಮಾ ಹಿಡಿಸದಿದ್ದರೆ ‘ಡಬ್ಬಾ ಸಿನಿಮಾ’ ಅಂತೀವಿ. ಮುಗೀತು. ಡೈರೆಕ್ಟರಿಗೆ ನಾಲ್ಕು ಬೈದು, ಟಿಕೆಟ್ ದುಡ್ಡು ಹೋಯ್ತಲ್ಲ ಅಂತ ಗೊಣಗಿ, ಮಸಾಲೆ ದೋಸೆ ತಿಂದು ಮನೆಗೆ ಹೋಗುತ್ತೇವೆ. ಅದೇ ಆಂದ್ರೇ ತಾರ್ಕೋವ್‌ಸ್ಕಿ ಅವರ ಸಿನಿಮಾ ಹಿಡಿಸದಿದ್ದರೆ ಮಾತೇ ಬೇರೆ. ‘ನನಗೆ ಅರ್ಥ ಆಗಲಿಲ್ಲ ಅನ್ಸುತ್ತೆ’ ಅಂತೀವಿ, ಅದೂ ಸ್ವಲ್ಪ ದನಿ ತಗ್ಗಿಸಿ. ತಪ್ಪು ತೆರೆಯಿಂದ ಇಳಿದು ನಮ್ಮ ಸೀಟಿಗೆ ಬಂದು ಕೂತಿರುತ್ತದೆ.

ಈ ರಷ್ಯನ್ ಮಹಾಶಯರ ಜೊತೆ ನಾನು ಬಹಳ ವರ್ಷಗಳಿಂದ ಏಗುತ್ತಿದ್ದೇನೆ. ಫಿಲ್ಮ್ ಸೊಸೈಟಿಯಲ್ಲಿ ಕೂತು ನೋಡಿದ್ದೇನೆ. ಚಿತ್ರೋತ್ಸವದಲ್ಲಿ ಕೊರಳಿಗೆ ಪಾಸ್ ನೇತುಹಾಕಿಕೊಂಡು ನೋಡಿದ್ದೇನೆ. ಮನೆಯಲ್ಲಿ ಲ್ಯಾಪ್‌ಟಾಪಿನಲ್ಲೂ ನೋಡಿದ್ದೇನೆ. ನಿದ್ದೆ ಮಾತ್ರ ಮೂರೂ ಕಡೆ ಒಂದೇ ಥರ ಚೆನ್ನಾಗಿ ಬಂತು.

1972ರ ‘ಸೊಲಾರಿಸ್’ ಬಾಹ್ಯಾಕಾಶದ ಕಥೆ. ಆದರೆ ಬಾಹ್ಯಾಕಾಶಕ್ಕೆ ಏರುವ ಮೊದಲು ಒಂದು ಕಾರು ನಗರದೊಳಗೆ ಹೋಗುತ್ತದೆ. ಹೋಗುತ್ತದೆ ಅಂದರೆ, ಹೋಗುತ್ತಲೇ ಇರುತ್ತದೆ. ಸುರಂಗ, ಫ್ಲೈಓವರ್, ಮತ್ತೆ ಸುರಂಗ. ಸುಮಾರು ಐದು ನಿಮಿಷ. ಚಿತ್ರೀಕರಣ ಮಾಡಿದ್ದು ಟೋಕಿಯೋದ ರಸ್ತೆಗಳಲ್ಲಿ, ಮುಂದೆಂದೋ ಬರಲಿರುವ ಊರಿನ ಹಾಗೆ ಕಾಣಲಿ ಅಂತ. ಸಿಲ್ಕ್ ಬೋರ್ಡ್ ದಾಟಿ ಬಂದು ಕೂತಿದ್ದ ನನಗೆ ಅಲ್ಲಿ ಕಂಡ ವಿಜ್ಞಾನದ ಪವಾಡ ಒಂದೇ. ಗಾಡಿಗಳು ಎಲ್ಲೂ ನಿಲ್ಲದೆ ಹೋಗುತ್ತಿದ್ದವು.

1979ರ ‘ಸ್ಟಾಕರ್’ ಬಗ್ಗೆ ಒಂದು ಕಥೆ ಹೇಳುತ್ತಾರೆ. ಸಿನಿಮಾ ಸ್ವಲ್ಪ ಚುರುಕಾಗಿರಲಿ ಅಂತ ಸೋವಿಯತ್ ಅಧಿಕಾರಿಗಳು ಹೇಳಿದರಂತೆ. ಶುರುವಿನಲ್ಲಿ ಇನ್ನೂ ನಿಧಾನ ಆಗಬೇಕು, ತಪ್ಪಿ ಈ ಥಿಯೇಟರಿಗೆ ಬಂದವರಿಗೆ ಎದ್ದು ಹೋಗಲು ಪುರುಸೊತ್ತು ಸಿಗಬೇಕಲ್ಲ ಅಂದರಂತೆ ತಾರ್ಕೋವ್‌ಸ್ಕಿ. ಒಳ್ಳೆಯ ಮನಸ್ಸು. ಆದರೆ ನಡು ಸೀಟಿನ ಕಷ್ಟ ಅವರಿಗೆ ಗೊತ್ತಿರಲಿಲ್ಲ. ಎಡಕ್ಕೂ ಬಲಕ್ಕೂ ತಪಸ್ಸಿಗೆ ಕೂತ ಜನ. ‘ಸಾರಿ ಸಾರ್, ಸ್ವಲ್ಪ ಜಾಗ’ ಅನ್ನುತ್ತಾ ಅಷ್ಟೂ ಮಂಡಿಗಳನ್ನು ದಾಟಬೇಕು. ತಪಸ್ಸು ಕೆಡಿಸಲು ಬಂದ ಮೇನಕೆಗಾದರೂ ಇಂದ್ರ ಕಳಿಸಿದ ಅನ್ನುವ ನೆಪ ಇತ್ತು.

ಸಿನಿಮಾ ಮುಗಿದ ಮೇಲಿನ ಹತ್ತು ನಿಮಿಷ ಇನ್ನೂ ಕಷ್ಟ. ಕಾಫಿ ಕ್ಯೂನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೊದಲು ಯಾರು ಬಾಯಿ ಬಿಡುತ್ತಾರೋ ಅವರ ಕಡೆಗೆ ವಾಲುವುದು ಪದ್ಧತಿ. ಒಬ್ಬರು ‘ಫ್ರೇಮಿಂಗ್ ನೋಡಿದ್ರಾ?’ ಅಂದರು. ಇನ್ನೊಬ್ಬರು ‘ನೀರು ಸಾರ್, ನೀರು!’ ಅಂದರು. ನೀರು ನಾನೂ ನೋಡಿದ್ದೆ. ಮನೆಯೊಳಗೇ ಮಳೆ ಸುರಿದರೆ ಕಾಣದೆ ಇರುತ್ತದೆಯೇ? ನಾನು ತಲೆಯಾಡಿಸಿ ‘ಸೌಂಡ್ ಅದ್ಭುತ’ ಅಂದೆ. ಇದನ್ನು ಯಾವ ಸಿನಿಮಾಕ್ಕೆ ಬೇಕಾದರೂ ಹೇಳಬಹುದು. ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಒಬ್ಬ ಗೆಳೆಯ ಮಾತ್ರ ಇದಕ್ಕೆಲ್ಲ ಬಗ್ಗುವುದಿಲ್ಲ. ‘ನೀನು ಕಥೆ ಹುಡುಕ್ತೀಯ ಗುರೂ. ಸುಮ್ನೆ ಸರೆಂಡರ್ ಆಗಿಬಿಡು’ ಅನ್ನುತ್ತಾನೆ. ನಿಧಾನವಾದ ಸಿನಿಮಾ ನನಗೆ ಆಗಿಬರಲ್ಲ ಎಂಬುದು ಅವನ ತೀರ್ಪು. ನನ್ನ ತಕರಾರು ಇರುವುದೇ ಅಲ್ಲಿ. ನಿಧಾನದಿಂದ ನನಗೆ ಏನೂ ತೊಂದರೆ ಇಲ್ಲ.

ಜಪಾನಿನ ಯಸುಜಿರೋ ಓಜು ಅವರ ಸಿನಿಮಾದಲ್ಲಿ ಓಟ ಎಲ್ಲಿದೆ? ಕ್ಯಾಮೆರಾ ಚಾಪೆಯ ಮೇಲೆ ಕೂತವರ ಎತ್ತರಕ್ಕೆ ಕೂತುಬಿಡುತ್ತದೆ. ಅಲ್ಲಾಡುವುದೇ ಅಪರೂಪ. 1949ರ ‘ಲೇಟ್ ಸ್ಪ್ರಿಂಗ್’ನಲ್ಲಿ ನಡೆಯುವುದಾದರೂ ಏನು? ಹೆಂಡತಿ ಇಲ್ಲದ ಅಪ್ಪ. ಮದುವೆ ಬೇಡ, ಅಪ್ಪನ ಜೊತೆಗೇ ಇರ್ತೀನಿ ಅನ್ನುವ ಮಗಳು. ಗಂಡು ಗೊತ್ತು ಮಾಡಲು ಓಡಾಡುವ ಸೋದರತ್ತೆ. ಇಂಥ ಸೋದರತ್ತೆ ಇಲ್ಲದ ಮನೆ ನಮ್ಮಲ್ಲೂ ಇರಲಾರದು. ತಾನೂ ಇನ್ನೊಂದು ಮದುವೆ ಆಗುತ್ತೇನೆ ಅಂತ ಸುಳ್ಳು ಹೇಳಿ ಅಪ್ಪ ಮಗಳನ್ನು ಒಪ್ಪಿಸುತ್ತಾನೆ. ಮದುವೆ ಮುಗಿಸಿ ಖಾಲಿ ಮನೆಗೆ ಬಂದು, ಒಬ್ಬನೇ ಕೂತು ಸೇಬಿನ ಸಿಪ್ಪೆ ಹೆರೆಯುತ್ತಾನೆ. ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಇಳಿಯುತ್ತಾ ಇಳಿಯುತ್ತಾ ಬಿದ್ದುಹೋಗುತ್ತದೆ. ಕೈ ನಿಲ್ಲುತ್ತದೆ. ತಲೆ ತಗ್ಗುತ್ತದೆ. ಅಷ್ಟೇ. ನಾನು ಗಂಟಲು ಸರಿಮಾಡಿಕೊಂಡು ಕನ್ನಡಕ ಒರೆಸಿಕೊಂಡೆ. ಕನ್ನಡಕದಲ್ಲಿ ಧೂಳು ಏನೂ ಇರಲಿಲ್ಲ.

ಶಾಂತಾಲ್ ಆಕರ್ಮನ್ ಅವರ 1975ರ ‘ಜಾನ್ ಡೀಲ್ಮನ್’ ಇದಕ್ಕಿಂತ ಒಂದು ಕೈ ಮೇಲು. 201 ನಿಮಿಷ. ಬ್ರಸೆಲ್ಸ್‌ನಲ್ಲಿ ಒಬ್ಬ ವಿಧವೆ ಅಡುಗೆ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಗನಿಗೆ ಬಡಿಸುತ್ತಾಳೆ. ರೂಮಿನಿಂದ ಆಚೆ ಬರುವಾಗ ಮರೆಯದೆ ಲೈಟ್ ಆರಿಸುತ್ತಾಳೆ. ಮಧ್ಯಾಹ್ನ ಹೊಟ್ಟೆಪಾಡಿಗಾಗಿ ಗಂಡಸರನ್ನು ಮನೆಗೆ ಕರೆಸಿಕೊಳ್ಳುತ್ತಾಳೆ. ಎಲ್ಲವೂ ಗಡಿಯಾರದ ಪ್ರಕಾರ. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ಮತ ಕೇಳಿದಾಗ, ಜಗತ್ತಿನ ಶ್ರೇಷ್ಠ ಸಿನಿಮಾಗಳಲ್ಲಿ ಇದಕ್ಕೇ ಮೊದಲ ಜಾಗ ಸಿಕ್ಕಿತು. ನಾನು ಸೋಲಲು ತಯಾರಾಗಿಯೇ ಹೋಗಿದ್ದೆ. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಬಿಡುತ್ತದೆ. ಏನು ಮಾಡಲಿ ಅಂತ ತೋಚದೆ ಪಾತ್ರೆ ಹಿಡಿದುಕೊಂಡು ಮನೆಯೊಳಗೆ ಅತ್ತಿತ್ತ ಓಡಾಡುತ್ತಾಳೆ. ಪಕ್ಕದ ಸೀಟಿನ ಹೆಂಗಸು ‘ಅಯ್ಯೋ’ ಅಂದರು. ನನಗೂ ಎದೆ ಹೊಡೆದುಕೊಂಡಿತು. ಕೊಲೆಗಾರ ಬಾಗಿಲ ಹಿಂದೆ ನಿಂತಿದ್ದರೂ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಅಷ್ಟು ಹೊತ್ತು ನಮ್ಮನ್ನು ಆ ಅಡುಗೆಮನೆಯಲ್ಲಿ ಕೂರಿಸಿದ್ದು ಈ ಒಂದು ‘ಅಯ್ಯೋ’ಗಾಗಿ!

ಹಾಗಾಗಿ ನನ್ನದು ಒಂದು ಸಣ್ಣ ಸಿದ್ಧಾಂತ. ಸಿನಿಮಾದಲ್ಲಿ ಯಾರಾದರೂ ಯಾರಿಗಾದರೂ ‘ಊಟ ಆಯ್ತಾ’ ಅಂತ ಕೇಳುವ ಹಾಗಿದ್ದರೆ ನಾನು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ. ತಾರ್ಕೋವ್‌ಸ್ಕಿಯ ಜನ ಅದನ್ನು ಕೇಳುವುದಿಲ್ಲ. ನಂಬಿಕೆ ಅಂದರೇನು, ಕಲೆ ಯಾಕೆ ಬೇಕು ಅಂತ ಕೇಳುತ್ತಾರೆ. ಒದ್ದೆ ನೆಲದ ಮೇಲೆ ಮಲಗಿಕೊಂಡು ಕೇಳುತ್ತಾರೆ. ಇವರಿಗೆ ಶೀತ ಆಗಲ್ವಾ ಅನ್ನುವುದೇ ನನ್ನ ಚಿಂತೆ.

ಒಂದು ಸಲ ಮಾತ್ರ ಹತ್ತಿರ ಹೋಗಿದ್ದೆ. 1983ರ ‘ನೊಸ್ತಾಲ್ಗಿಯಾ’ದ ಕೊನೆಯಲ್ಲಿ, ಇಟಲಿಗೆ ಬಂದ ರಷ್ಯನ್ ಕವಿಯೊಬ್ಬ ಉರಿಯುವ ಮೇಣದಬತ್ತಿ ಹಿಡಿದು, ನೀರು ಖಾಲಿ ಮಾಡಿದ ಕೊಳವನ್ನು ಈ ಕಡೆಯಿಂದ ಆ ಕಡೆಗೆ ದಾಟಬೇಕು. ಬತ್ತಿ ಆರಬಾರದು. ಸುಮಾರು ಒಂಬತ್ತು ನಿಮಿಷದ ಒಂದೇ ಶಾಟು. ತುಳಸಿಕಟ್ಟೆಗೆ ದೀಪ ಒಯ್ಯುವವರು ಸೆರಗು ಅಡ್ಡ ಹಿಡಿಯುತ್ತಾರಲ್ಲ, ಹಾಗೆ ಅವನು ಕೋಟಿನ ಅಂಚು ಅಡ್ಡ ಹಿಡಿಯುತ್ತಾನೆ. ಬತ್ತಿ ಆರುತ್ತದೆ. ಅವನು ವಾಪಸ್ ಬಂದು ಹೊತ್ತಿಸಿಕೊಂಡು ಮತ್ತೆ ಹೊರಡುತ್ತಾನೆ. ಆಗ ನನಗೆ ನಿಜಕ್ಕೂ ಅಯ್ಯೋ ಪಾಪ ಅನ್ನಿಸಿತು. ಇನ್ನೊಂದು ಸಲ ಆರಿತು. ಮತ್ತೆ ಮೊದಲಿಂದ ಶುರು ಅಂತ ಗೊತ್ತಾದಾಗ, ಪಾಪ ಅನ್ನಿಸಿದ್ದು ನನ್ನ ಬಗ್ಗೆ. ಅಲ್ಲಿಗೆ ನಂಟು ಹರಿಯಿತು.

ನಮ್ಮಲ್ಲಿ ಇದಕ್ಕೆಲ್ಲ ‘ಅವಾರ್ಡ್ ಸಿನಿಮಾ’ ಅಂತ ಒಂದೇ ಹಣೆಪಟ್ಟಿ. ಅದು ಅನ್ಯಾಯ. ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವೂ ಆತುರದ ಸಿನಿಮಾ ಅಲ್ಲ. ಆದರೆ ಯಮುನಕ್ಕನ ಕಷ್ಟ ನೋಡಿ ಪುಟ್ಟ ನಾಣಿ ಕಂಗಾಲಾಗುವಾಗ ಯಾರಿಗೆ ಬೋರ್ ಆಗುತ್ತದೆ? ಇಂಥದ್ದೆಲ್ಲ ಓದಿದವರಿಗೆ ಮಾತ್ರ ಅನ್ನುವುದೂ ಸುಳ್ಳು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರು 1973ರಲ್ಲೇ ನೀನಾಸಮ್ ಚಿತ್ರಸಮಾಜ ಶುರು ಮಾಡಿ, ಊರಿನವರಿಗೆ ಲೋಕದ ಸಿನಿಮಾಗಳನ್ನೆಲ್ಲ ತೋರಿಸಿದ್ದರು.

ಇನ್ನು ದೊಡ್ಡವರಿಗೆ ದೊಡ್ಡವರೇ ಹಿಡಿಸುತ್ತಿರಲಿಲ್ಲ. ಇಟಲಿಯ ಮಿಕೆಲಾಂಜೆಲೊ ಅಂಟೋನಿಯೊನಿ ಅವರ ‘ಲಾವೆಂತೂರಾ’ದಲ್ಲಿ ಒಬ್ಬ ಹುಡುಗಿ ಕಾಣೆಯಾಗುತ್ತಾಳೆ. ಹೋಗ್ತಾ ಹೋಗ್ತಾ ಸಿನಿಮಾ ಅವಳನ್ನು ಮರೆತೇಬಿಡುತ್ತದೆ. 1960ರ ಕಾನ್ ಚಿತ್ರೋತ್ಸವದಲ್ಲಿ ಜನ ಕೂಗಿ ಗೇಲಿ ಮಾಡಿದರು, ತೀರ್ಪುಗಾರರು ಬಹುಮಾನ ಕೊಟ್ಟರು. ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್‌ಗೆ ತಾರ್ಕೋವ್‌ಸ್ಕಿ ಅಂದರೆ ಎಲ್ಲರಿಗಿಂತ ದೊಡ್ಡವರು. ಆದರೆ ಫ್ರೆಂಚ್ ನಿರ್ದೇಶಕ ಗೊಡಾರ್ ಅಂದರೆ ಬೋರು. ಅಂಟೋನಿಯೊನಿ ಅವರದ್ದು ಎರಡು ಸಿನಿಮಾ ಬಿಟ್ಟರೆ ಮಿಕ್ಕದ್ದರ ಗೊಡವೆ ಬೇಡ ಅನ್ನುವ ಧಾಟಿಯಲ್ಲಿ ಮಾತಾಡಿದ್ದರು. ಬರ್ಗ್‌ಮನ್, ಅಂಟೋನಿಯೊನಿ ಇಬ್ಬರೂ ತೀರಿಕೊಂಡಿದ್ದು ಒಂದೇ ದಿನ, 2007ರ ಜುಲೈ 30. ಶ್ರದ್ಧಾಂಜಲಿಗಳಲ್ಲಿ ಇಬ್ಬರಿಗೂ ಅಕ್ಕಪಕ್ಕ ಜಾಗ ಸಿಕ್ಕಿತು. ಬರ್ಗ್‌ಮನ್‌ಗೆ ಆ ನೆರೆ ಅಷ್ಟೇನೂ ಹಿಡಿಸಿರಲಾರದು.

ಗೆಳೆಯ ನನ್ನನ್ನು ಇನ್ನೂ ಕೈಬಿಟ್ಟಿಲ್ಲ. ಈಗ ಹಂಗೇರಿಯ ಬೇಲಾ ತಾರ್ ಅವರ ‘ಸಾತಾನ್‌ಟ್ಯಾಂಗೋ’ ನೋಡೋಣ ಅನ್ನುತ್ತಿದ್ದಾನೆ. 1994ರದ್ದು, ಏಳು ಗಂಟೆಗಿಂತ ಜಾಸ್ತಿ. ‘ಮಳೆ, ಕೆಸರು, ಶುರುವಿಗೇ ಹಸುಗಳು. ನಿನಗೆ ಹಿಡಿಸುತ್ತೆ ಬಾ’ ಅಂದ. ಯಾವ ಆಧಾರದ ಮೇಲೆ ಅಂದನೋ! ನಡುವೆ ಎಷ್ಟು ಸಲ ಇಂಟರ್ವಲ್ ಕೊಡ್ತೀಯ ಅಂತ ಕೇಳಿದೆ. ಎರಡು ಸಲ ಅಂದ. ಹಾಗಾದರೆ ಆಗಲಿ ಅಂದಿದ್ದೇನೆ. ಚಪಾತಿ ಪಲ್ಯ ಯಾರು ಕಟ್ಟಿಕೊಂಡು ಬರಬೇಕು ಅನ್ನುವುದೊಂದು ಇನ್ನೂ ತೀರ್ಮಾನ ಆಗಿಲ್ಲ.