ಡಿವಿಡಿ ಡ್ರೈವ್ ಕಾಣದಿದ್ದರೆ ಲಿನಕ್ಸ್‌ಗೆ ಯಾಕೆ ಬೈಯ್ತೀರಿ?

"ಲಿನಕ್ಸ್‌ನಲ್ಲಿ ಡಿವಿಡಿ ಡ್ರೈವ್ ಬರಲ್ಲ ಸಾರ್, ವಿಂಡೋಸ್ ಹಾಕಿಸಿಬಿಡಿ." ರಿಪೇರಿ ಅಂಗಡಿಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ನಮ್ಮ ಚಿಕ್ಕಪ್ಪನಿಗೂ ಇದನ್ನೇ ಹೇಳಿ ಕಳಿಸಿದ್ದಾರೆ. ಚಿಕ್ಕಪ್ಪನದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ಮು. ಮನೆಯಲ್ಲಿ ಒಂದು ಡಬ್ಬಿ ತುಂಬ ಯಕ್ಷಗಾನದ ವಿಸಿಡಿಗಳು, ಜೊತೆಗೆ ಮಗಳ ಮದುವೆ ಡಿವಿಡಿ. ಅದಿಷ್ಟನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಕು ಅಂತ ಅವರ ಆಸೆ.

ವೈಫೈ ಚಿಪ್ ಬಗ್ಗೆ ಬೈಯ್ರಿ, ಒಪ್ಪುತ್ತೇನೆ. ಪ್ರಿಂಟರ್ ಬಗ್ಗೆ ಬೈಯ್ರಿ, ನಾನೂ ಜೊತೆಗೆ ಬೈಯುತ್ತೇನೆ. ಆದರೆ ಸಿಡಿ, ಡಿವಿಡಿ ಡ್ರೈವ್ ಮಾತ್ರ ಲಿನಕ್ಸ್‌ಗೆ ತೀರಾ ಹಳೇ ಪರಿಚಯ. ಯಾವ ಕಂಪನಿಯದೇ ಆಗಲಿ, ಕಂಪ್ಯೂಟರ್ ಒಳಗೆ ಸಾಟಾ ಕೇಬಲ್‌ಗೆ ಸಿಕ್ಕಿಸುವುದಾಗಲಿ ಹೊರಗೆ ಯುಎಸ್‌ಬಿಗೆ ಚುಚ್ಚುವುದಾಗಲಿ, ಎಲ್ಲ ಡ್ರೈವ್‌ಗಳೂ ಹೆಚ್ಚುಕಡಿಮೆ ಒಂದೇ ಥರದ ಆದೇಶಗಳನ್ನು ಕೇಳುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಜೊತೆಗೇ ಬರುವ 'ಎಸ್ಆರ್ ಮಾಡ್' ಎಂಬ ಒಂದೇ ಡ್ರೈವರ್, ಅಂದರೆ ಡ್ರೈವನ್ನು ನಡೆಸುವ ಸಾಫ್ಟ್‌ವೇರ್, ಸಾಕು. ಬೇರೆ ಡ್ರೈವರ್ ಹುಡುಕುವ ಕೆಲಸವೇ ಇಲ್ಲ. ಅದಕ್ಕೇ ಡ್ರೈವ್ ಕಾಣದಿದ್ದಾಗ ನನಗೆ ಮೊದಲು ಅನುಮಾನ ಬರುವುದು ಕೇಬಲ್ ಮೇಲೆ.

ಕಂಪ್ಯೂಟರ್ ಆನ್ ಮಾಡಿ, ಆಪರೇಟಿಂಗ್ ಸಿಸ್ಟಮ್ ಶುರುವಾಗುವ ಮೊದಲೇ ಸಿಗುವ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ನೋಡಿ. ಅಲ್ಲೇ ಡ್ರೈವ್ ಹೆಸರು ಇಲ್ಲ ಅಂದರೆ ವಿಂಡೋಸ್ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಚಿಕ್ಕಪ್ಪನ ಮನೆಯಲ್ಲಿ ಹಾಗೇ ಆಗಿತ್ತು. ಆದರೆ ಬಟನ್ ಒತ್ತಿದರೆ ಟ್ರೇ ಸಲೀಸಾಗಿ ಹೊರಗೆ ಬರುತ್ತಿತ್ತು. ಅಂದರೆ ಕರೆಂಟ್ ಹೋಗುತ್ತಿದೆ, ಮಾತು ಹೋಗುತ್ತಿಲ್ಲ. ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ಕರ್ನಲ್‌ನ ವರದಿ ತೋರಿಸುವ 'ಡಿಮೆಸೇಜ್' ಕೊಟ್ಟು ನೋಡಿದರೆ ಹಾರ್ಡ್‌ಡಿಸ್ಕ್ ಇರುವ ಪೋರ್ಟ್ ಒಂದು ಬಿಟ್ಟು ಮಿಕ್ಕ ಎಲ್ಲದರ ಮುಂದೆಯೂ 'ಸಾಟಾ ಲಿಂಕ್ ಡೌನ್', ಅಂದರೆ ಸಂಪರ್ಕ ಇಲ್ಲ. ಖಾಲಿ ಪೋರ್ಟ್‌ಗೂ ಹಾಗೇ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಡ್ರೈವ್ ಸಿಕ್ಕಿಸಿರುವ ಪೋರ್ಟ್ ಕೂಡ ಹಾಗೇ ಅನ್ನುತ್ತಿದ್ದರೆ ಮಾತ್ರ ಪ್ರಾಬ್ಲಂ.

ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಸಣ್ಣ ಕೆಂಪು ಡೇಟಾ ಕೇಬಲ್, ಲಾಕ್ ಕ್ಲಿಪ್ ಇಲ್ಲದ ಅಗ್ಗದ ಮಾಲು. ಮದರ್‌ಬೋರ್ಡ್ ಕಡೆ ಅರ್ಧ ಎದ್ದು ಕೂತಿತ್ತು. ಧೂಳು ಹೊಡೆಸಲು ಕೊಟ್ಟಾಗ ಯಾರದೋ ಕೈ ತಾಗಿರಬೇಕು. ಕ್ಲಿಪ್ ಇರುವ ಬೇರೆ ಕೇಬಲ್ ಹಾಕಿ ಆನ್ ಮಾಡಿದರೆ 'ಲಿಂಕ್ ಅಪ್ 1.5 ಜಿಬಿಪಿಎಸ್' ಅಂತ ಬಂತು. ಅದರ ಕೆಳಗೇ ಡ್ರೈವ್‌ನ ಹೆಸರು, ಅದಕ್ಕೆ ಸಿಕ್ಕ 'ಎಸ್ಆರ್0' ಎಂಬ ಗುರುತು. ಆಯ್ತಲ್ಲ! ಇದಕ್ಕೆ ಹೋಗಿ ಇಡೀ ಆಪರೇಟಿಂಗ್ ಸಿಸ್ಟಮ್ಮೇ ಬದಲಿಸಿ ಅಂದಿದ್ದರು.

ನೆಟ್‌ನಲ್ಲಿ ಹುಡುಕುವವರಿಗೂ ಒಂದು ಮಾತು. 'ಎಚ್‌ಡಿಸಿ', 'ಐಡಿಇ ಸ್ಕಸಿ', ಮಾಸ್ಟರ್ ಸ್ಲೇವ್ ಜಂಪರ್ ಅಂತ ಸಿಗುವ ಸಲಹೆಗಳೆಲ್ಲ ಸಾಟಾಗಿಂತ ಹಿಂದಿನ, ಐಡಿಇ ಎಂಬ ಅಗಲ ಪಟ್ಟಿ ಕೇಬಲ್ ಕಾಲದವು. ಆ ಹಳೇ ಐಡಿಇ ಕೋಡನ್ನು 2021ರಲ್ಲಿ, 5.14ನೇ ಕರ್ನಲ್‌ನಲ್ಲಿ ಪೂರ್ತಿ ಕಿತ್ತೇ ಹಾಕಿದ್ದಾರೆ. ಅವನ್ನು ಓದಿ ಸುಮ್ನೆ ಎಫ್‌ಎಸ್‌ಟ್ಯಾಬ್ ಫೈಲ್ (ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಹೇಳುವ ಪಟ್ಟಿ) ಕೆದಕಬೇಡಿ. ಅದರಲ್ಲಿ ತಪ್ಪಾದರೆ ಬೂಟ್ ಆಗುವುದೇ ಕಷ್ಟ.

ಯುಎಸ್‌ಬಿ ಡ್ರೈವ್ ಆದರೆ ಕಥೆ ಬೇರೆ. ಅಲ್ಲಿ ಜಾಸ್ತಿ ಕೈಕೊಡುವುದು ಪವರ್. ಯುಎಸ್‌ಬಿ 2 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿ ಆಂಪಿಯರ್. ಡಿಸ್ಕ್ ತಿರುಗಲು ಶುರುವಾದಾಗ ಡ್ರೈವ್‌ಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಮಧ್ಯೆ ಯುಎಸ್‌ಬಿ ಹಬ್ ಇದ್ದರೆ ತೆಗೆದು ನೇರ ಕಂಪ್ಯೂಟರ್‌ಗೇ ಚುಚ್ಚಿ ನೋಡಿ. ಆಪಲ್‌ನ ಸೂಪರ್‌ಡ್ರೈವ್ ಅಂತೂ ಒಂದು ವಿಚಿತ್ರ ಪ್ರಾಣಿ. ಎಸ್ಆರ್0 ಅಂತ ಕಾಣಿಸುತ್ತದೆ, ಆದರೆ ಡಿಸ್ಕ್ ಒಳಗೇ ತೆಗೆದುಕೊಳ್ಳುವುದಿಲ್ಲ. 'ಎಸ್‌ಜಿ ರಾ' ಎಂಬ ಟೂಲ್‌ನಿಂದ ಒಂದು ಗುಪ್ತ ಆದೇಶ ಕಳಿಸಿದ ಮೇಲೆ ಎಚ್ಚರವಾಗುತ್ತದೆ. ಇದಕ್ಕೆ ಲಿನಕ್ಸ್‌ಗೆ ಬೈಯುವುದು ನ್ಯಾಯವೇ?

ಇನ್ನು ಡ್ರೈವ್ ಕಂಡರೂ ಡಿಸ್ಕ್ ತೆರೆಯದ ಕೇಸುಗಳು. ಆಡಿಯೋ ಸಿಡಿಯನ್ನು ಮೌಂಟ್ ಮಾಡಲು, ಅಂದರೆ ಫೋಲ್ಡರ್ ಥರ ತೆರೆಯಲು, ಹೋದರೆ ಎರರ್ ಬಂದೇ ಬರುತ್ತದೆ. ಅದರಲ್ಲಿ ಫೈಲ್‌ಗಳೇ ಇಲ್ಲವಲ್ಲ, ಬರೀ ಹಾಡು. ಪ್ಲೇಯರ್‌ನಲ್ಲಿ ನೇರ ತೆರೆಯಬೇಕು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗೆ ಸಾಮಾನ್ಯವಾಗಿ ಕಾಪಿ ತಡೆಯುವ ಬೀಗ ಇರುತ್ತದೆ. ಉಬುಂಟು, ಮಿಂಟ್‌ಗಳಲ್ಲಿ 'ಲಿಬ್ ಡಿವಿಡಿ ಪಿಕೆಜಿ' ಹಾಕಿದರೆ ಅದು ಬಿಚ್ಚುತ್ತದೆ.

ನಮಗೆ ನಿಜವಾಗಿ ಬೆವರಿಳಿಸಿದ್ದು ವಿಸಿಡಿ. ಡಿಸ್ಕ್ ಹಾಕಿದರೆ ಫೋಲ್ಡರ್‌ಗಳೆಲ್ಲ ಕಾಣುತ್ತವೆ. 'ಎಂಪೆಗ್ ಎವಿ' ಒಳಗೆ ದೊಡ್ಡದೊಂದು ಡ್ಯಾಟ್ ಫೈಲ್, ಅದೇ ಯಕ್ಷಗಾನ. ಕಾಪಿ ಮಾಡಲು ಹೋದರೆ 'ಇನ್‌ಪುಟ್ ಔಟ್‌ಪುಟ್ ಎರರ್'. ಡಿಸ್ಕೇ ಹಾಳಾಗಿದೆ ಅಂತ ಚಿಕ್ಕಪ್ಪನ ಮುಖ ಬಾಡಿಹೋಯಿತು. "ಎರಡನೇ ಡಿಸ್ಕ್ ನೋಡೋ, ಅದನ್ನ ಜಾಸ್ತಿ ಹಾಕಿಲ್ಲ" ಅಂದರು. ಅದಕ್ಕೂ ಅದೇ ಎರರ್. ಒಂದು ಗೀರೂ ಇಲ್ಲದ ಡಿಸ್ಕ್! ಡಿಮೆಸೇಜ್ ನೋಡಿದರೆ 'ಇಲ್ಲೀಗಲ್ ಮೋಡ್ ಫಾರ್ ದಿಸ್ ಟ್ರ್ಯಾಕ್' ಅಂತಿದೆ. ಗೀರು ಬಿದ್ದ ಡಿಸ್ಕ್ ಹೀಗೆ ಹೇಳುವುದಿಲ್ಲ.

ಒಳಗಿನ ವಿಷಯ ಇಷ್ಟು. ಮಾಮೂಲಿ ಡೇಟಾ ಸಿಡಿಯಲ್ಲಿ ಒಂದು ಸೆಕ್ಟರ್‌ಗೆ, ಅಂದರೆ ಡಿಸ್ಕ್‌ನ ಒಂದು ತುಣುಕಿಗೆ, 2048 ಬೈಟ್. ವಿಸಿಡಿಯ ವಿಡಿಯೋ ಭಾಗದಲ್ಲಿ ತಪ್ಪು ತಿದ್ದುವ ಹೆಚ್ಚುವರಿ ಮಾಹಿತಿ ಬಿಟ್ಟು, ಅಲ್ಲೂ ವಿಡಿಯೋ ತುಂಬಿ 2324 ಬೈಟ್ ಮಾಡಿದ್ದಾರೆ. ಒಂದು ಸಿಡಿಯಲ್ಲಿ ಸುಮಾರು 74 ನಿಮಿಷ ಹಿಡಿಸಬೇಕಿತ್ತಲ್ಲ. ಲಿನಕ್ಸ್ 2048ರ ಲೆಕ್ಕದಲ್ಲಿ ಕೇಳುತ್ತದೆ, ಡ್ರೈವ್ ಆಗಲ್ಲ ಅನ್ನುತ್ತದೆ. ವಿಂಡೋಸ್ ಇದನ್ನು ಸದ್ದಿಲ್ಲದೆ ಸಂಭಾಳಿಸಿ ಕಾಪಿ ಮಾಡಿಕೊಡುತ್ತದೆ. ಈ ಒಂದು ವಿಷಯದಲ್ಲಿ ಅಂಗಡಿಯವರ ದೂರು ಸರಿ ಅಂತಲೇ ಹೇಳುತ್ತೇನೆ. ಮಾಮೂಲಿ ಜನಕ್ಕೆ 'ಇಲ್ಲೀಗಲ್ ಮೋಡ್' ಅಂದರೆ ಏನು ಗೊತ್ತಾಗಬೇಕು?

ದಾರಿ ಇದೆ. 'ವಿಸಿಡಿ ಇಮೇಜರ್' ಎಂಬ ಪ್ಯಾಕೇಜ್ ಹಾಕಿದರೆ ಅದರ ಜೊತೆ 'ವಿಸಿಡಿ ಎಕ್ಸ್ ರಿಪ್' ಬರುತ್ತದೆ. ಅದು ಡ್ರೈವ್‌ನಿಂದ ನೇರವಾಗಿ ಓದಿ ಎಂಪಿಜಿ ಫೈಲ್ ಮಾಡಿಕೊಡುತ್ತದೆ. ನಾನು ಒಂದೊಂದೇ ಡಿಸ್ಕ್ ಹಾಕುತ್ತಾ ಹೋದೆ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಕವರ್ ನೋಡಿ ಪ್ರಸಂಗದ ಹೆಸರು, ಭಾಗವತರ ಹೆಸರು ಹೇಳಿ ಫೈಲ್‌ಗಳಿಗೆ ಹೆಸರಿಡಿಸಿದರು.

ಮದುವೆ ಡಿವಿಡಿ ಮಾತ್ರ ನಿಜವಾಗಿಯೂ ಹದಗೆಟ್ಟಿದೆ. ಮನೆಯಲ್ಲಿ ಬರೆದ ಡಿಸ್ಕ್‌ಗಳ ಬಣ್ಣದ ಪದರ ವರ್ಷಗಳು ಕಳೆದಂತೆ ಕೆಡುತ್ತದೆ, ಬಿಸಿಲು ಬಿದ್ದರೆ ಇನ್ನೂ ಬೇಗ. ಅದಕ್ಕೆ, ಕೆಟ್ಟ ಡಿಸ್ಕ್‌ನಿಂದ ಓದಲು ಆದಷ್ಟನ್ನು ಎತ್ತಿಕೊಡುವ 'ಡಿಡಿ ರೆಸ್ಕ್ಯೂ' ಓಡಿಸಿದ್ದೇನೆ. ಓದಲು ಆಗದ ಜಾಗಗಳನ್ನು ಅದು ಒಂದು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಅದೇ ಡಿಸ್ಕನ್ನು ಬೇರೆ ಡ್ರೈವ್‌ಗೆ ಹಾಕಿ, ಉಳಿದ ತುಣುಕುಗಳನ್ನು ಮಾತ್ರ ಮತ್ತೆ ಓದಿಸಬಹುದು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದಿಬಿಡುವುದುಂಟು. ಧಾರೆಯ ಭಾಗ ಬಂದಿದೆ, ಊಟದ ಪಂಕ್ತಿಯಲ್ಲಿ ಕತ್ತರಿಸಿದೆ. ಶಿರಸಿ ಕಡೆ ಯಾರ ಹತ್ತಿರವಾದರೂ ಚೆನ್ನಾಗಿ ಓದುವ ಹಳೇ ಡಿವಿಡಿ ರೈಟರ್ ಇದ್ದರೆ ಒಂದು ದಿನಕ್ಕೆ ಕೊಡಿ ಮಾರಾಯ್ರೆ, ಕೇಬಲ್ ನಾನೇ ತರುತ್ತೇನೆ.