ಸ್ಪಷ್ಟನೆ: ಸೆಕ್ಯೂರ್ ಬೂಟ್ ಇದ್ದರೆ ಲಿನಕ್ಸ್ ಹಾಕಲಾಗದು ಎಂಬುದು ನಿಜವಲ್ಲ

‘ವಿಂಡೋಸ್ 11 ಜೊತೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಸೆಕ್ಯೂರ್ ಬೂಟ್ ಮೂಲಕ ಲಿನಕ್ಸ್‌ಗೆ ಬಾಗಿಲು ಮುಚ್ಚಿದೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಸೆಕ್ಯೂರ್ ಬೂಟ್ ಎಂದರೆ ಯಂತ್ರ ಆರಂಭವಾಗುವಾಗ ನಂಬಿಕಸ್ತ ಸಹಿ ಇರುವ ತಂತ್ರಾಂಶವನ್ನು ಮಾತ್ರ ಓಡಲು ಬಿಡುವ ವ್ಯವಸ್ಥೆ. ಲಿನಕ್ಸ್ ಆವೃತ್ತಿಗಳಾದ ಉಬುಂಟು, ಫೆಡೋರಾ, ಡೆಬಿಯನ್ ಮೂರೂ ಸೆಕ್ಯೂರ್ ಬೂಟ್ ಚಾಲೂ ಇರುವಾಗಲೇ ಕೆಲಸ ಮಾಡುತ್ತವೆ. ಅವುಗಳನ್ನು ಆರಂಭಿಸಿಕೊಡುವ ‘ಶಿಮ್’ ಎಂಬ ಪುಟ್ಟ ತಂತ್ರಾಂಶಕ್ಕೆ ಸಹಿ ಹಾಕುವುದು ಸ್ವತಃ ಮೈಕ್ರೋಸಾಫ್ಟ್.

ಆದರೆ ಆತಂಕಕ್ಕೆ ಆಧಾರವೇ ಇಲ್ಲ ಎನ್ನಲಾರೆ. 2012ರಲ್ಲಿ ಮೈಕ್ರೋಸಾಫ್ಟ್ ಕೊಡುವ ವಿಂಡೋಸ್ 8 ಪ್ರಮಾಣಪತ್ರ ಬೇಕಿದ್ದ ಸಾಮಾನ್ಯ ಪಿಸಿಗಳಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವ ಆಯ್ಕೆ ಬಳಕೆದಾರರಿಗೆ ಇರಲೇಬೇಕಿತ್ತು. ಆರ್ಮ್ ಬಗೆಯ ಚಿಪ್ ಇರುವ ಸಾಧನಗಳಲ್ಲಿ ಆ ಆಯ್ಕೆ ಇರಲೇಕೂಡದಿತ್ತು. ವಿಂಡೋಸ್ 10 ಬಂದಾಗ ಪಿಸಿಗಳಲ್ಲೂ ಅದನ್ನು ತಯಾರಕರ ಇಚ್ಛೆಗೆ ಬಿಡಲಾಯಿತು. ತಯಾರಕರಿಗೆ ವಿಂಡೋಸ್ ಪ್ರಮಾಣಪತ್ರ ಬಿಟ್ಟು ಮಾರುಕಟ್ಟೆಯಲ್ಲಿ ಉಳಿಯುವುದು ಕಷ್ಟ. ಹಾಗಾಗಿ ಒಂದು ಕಂಪನಿಯ ಷರತ್ತಿನ ಒಂದೇ ಸಾಲು ಎಲ್ಲರ ಯಂತ್ರವನ್ನೂ ಬದಲಿಸಬಲ್ಲದು. ನನ್ನ ಆಕ್ಷೇಪ ಇರುವುದು ಈ ಏಕಸ್ವಾಮ್ಯದ ಮೇಲೆಯೇ.

ಹೆಚ್ಚಿನ ಭದ್ರತೆಯ ‘ಸೆಕ್ಯೂರ್ಡ್-ಕೋರ್’ ದರ್ಜೆಯ ಕೆಲವು ಲ್ಯಾಪ್‌ಟಾಪ್‌ಗಳು ಶಿಮ್‌ನ ಸಹಿಯನ್ನು ತಾವಾಗಿಯೇ ಒಪ್ಪುವುದಿಲ್ಲ. ಅಲ್ಲಿ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ಥರ್ಡ್ ಪಾರ್ಟಿ ಪ್ರಮಾಣಪತ್ರಕ್ಕೆ, ಅಂದರೆ ಶಿಮ್‌ನಂಥ ಹೊರಗಿನವರ ತಂತ್ರಾಂಶಕ್ಕೆ ಹಾಕಿದ ಸಹಿಯನ್ನು ಒಪ್ಪಲು ಬೇಕಾದ ಪ್ರಮಾಣಪತ್ರಕ್ಕೆ, ಅನುಮತಿ ಕೊಡಬೇಕು. ಲಿನಕ್ಸ್ ಹಾಕುವ ಉದ್ದೇಶವಿದ್ದರೆ ಈ ಆಯ್ಕೆ ಇದೆಯೇ ಎಂದು ಕೊಳ್ಳುವ ಮೊದಲೇ ಅಂಗಡಿಯಲ್ಲಿ ನೋಡಿಕೊಳ್ಳಿ.